ಎರಡು ಸೆಕೆಂಡಿನ ಮರ್ಯಾದೆ: ಮಿಲ್ವಾಕಿಯ ಬೈಕ್ ಸಾಲಿನಲ್ಲಿ ಕಲಿತದ್ದು

ಹಾಸನದಲ್ಲಿರುವ ನನ್ನ ಚಿಕ್ಕಮ್ಮನ ಮಗ ಈ ಸಲದ ರಾಜ್ಯೋತ್ಸವಕ್ಕೆ ನಲವತ್ತು ಬೈಕುಗಳ ಮೆರವಣಿಗೆಯೊಂದನ್ನು ಹೊರಡಿಸುವ ಉಮೇದಿನಲ್ಲಿದ್ದಾನೆ. "ನೀನಿರುವುದು ಬೈಕುಗಳ ಊರು, ಅಲ್ಲಿ ಹೇಗೆ ಮಾಡುತ್ತಾರೆ ಹೇಳು" ಎಂದು ಅವನು ಫೋನಿನಲ್ಲಿ ಕೇಳಿದಾಗ ನಾನು ಹೇಳಲು ಆರಂಭಿಸಿ, ಎಡ ಬಲಗಳ ಗೊಂದಲದಲ್ಲಿ ಸಿಕ್ಕಿಕೊಂಡು, ಬರೆದೇ ಕಳಿಸುತ್ತೇನೆಂದು ಅರ್ಧಕ್ಕೆ ನಿಲ್ಲಿಸಿದೆ. ಬರೆಯಲು ಕುಳಿತಾಗ ಇದು ಅವನೊಬ್ಬನಿಗೆ ಬೇಕಾದ ವಿಷಯವಲ್ಲ ಎನ್ನಿಸಿತು.

ಮಿಲ್ವಾಕಿ ಇರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ಪಶ್ಚಿಮ ದಂಡೆಯ ಮೇಲೆ. ಹಾರ್ಲೆ-ಡೇವಿಡ್‌ಸನ್ ಕಂಪನಿ 1903ರಲ್ಲಿ ಹುಟ್ಟಿದ್ದು ಇಲ್ಲಿನ ಮನೆಯೊಂದರ ಹಿತ್ತಲಲ್ಲಿದ್ದ ಪುಟ್ಟ ಮರದ ಶೆಡ್ಡಿನಲ್ಲಿ. ನಮ್ಮ ಚೆನ್ನೈಯ ರಾಯಲ್ ಎನ್‌ಫೀಲ್ಡ್ ಕೂಡ ತನ್ನ ಉತ್ತರ ಅಮೆರಿಕದ ಕಚೇರಿಯನ್ನು ಇದೇ ಊರಿನಲ್ಲಿ ತೆರೆದಿದೆ ಎಂಬುದು ನನಗೆ ಸಣ್ಣ ಹೆಮ್ಮೆಯ ಸಂಗತಿ, ಏಕೆಂದರೆ ದೈತ್ಯಾಕಾರದ ಹಾರ್ಲೆಗಳ ನಡುವೆ ನಾನು ಓಡಿಸುವುದು ಇಂಟರ್‌ಸೆಪ್ಟರ್ 650. 2023ರ ಜುಲೈಯಲ್ಲಿ ಹಾರ್ಲೆಯ 120ನೇ ವರ್ಷದ ಉತ್ಸವ ನಡೆದು ಸಾವಿರಾರು ಬೈಕುಗಳು ಊರಿನ ಬೀದಿಗಳಲ್ಲಿ ಸಾಲುಗಟ್ಟಿ ಸಾಗಿದಾಗ, ಹನ್ನೊಂದು ಜನರ ಒಂದು ಸಣ್ಣ ಗುಂಪಿನೊಂದಿಗೆ ನಾನೂ ಆ ಸಾಲಿನಲ್ಲಿದ್ದೆ. ಆದರೆ ಅಲ್ಲಿಗೆ ಸೇರಿಸಿಕೊಳ್ಳುವ ಮೊದಲು ಆ ಗುಂಪಿನ ಹಿರಿಯರು ನನ್ನನ್ನು ಐದಾರು ಭಾನುವಾರ ಹಳ್ಳಿ ರಸ್ತೆಗಳಲ್ಲಿ ಓಡಾಡಿಸಿದ್ದರು. ಕಲಿತದ್ದೆಲ್ಲ ಆ ಭಾನುವಾರಗಳಲ್ಲಿ.

ಮೊದಲು ಕಲಿತದ್ದು ಹೊತ್ತು. "ಹತ್ತು ಗಂಟೆಗೆ ಕಿಕ್‌ಸ್ಟ್ಯಾಂಡ್ಸ್ ಅಪ್" ಎಂದು ಸಂದೇಶ ಬಂದರೆ ಹತ್ತು ಗಂಟೆಗೆ ಬಂದು ಸೇರಿ ಕಾಫಿ ಕುಡಿಯುವುದೆಂದು ಅರ್ಥವಲ್ಲ. ಟ್ಯಾಂಕು ತುಂಬಿಸಿ, ಹೊಟ್ಟೆಯ ಬಾಧೆಗಳನ್ನೆಲ್ಲ ತೀರಿಸಿಕೊಂಡು, ಹೆಲ್ಮೆಟ್ಟು ಗವಸುಗಳನ್ನು ತೊಟ್ಟು, ಎಂಜಿನ್ ಚಾಲೂ ಮಾಡಿ, ಸರಿಯಾಗಿ ಹತ್ತಕ್ಕೆ ಸ್ಟ್ಯಾಂಡು ಮೇಲೆತ್ತಿ ಹೊರಡುವುದೆಂದು ಅರ್ಥ. ನಂದಿ ಬೆಟ್ಟಕ್ಕೆ ಐದಕ್ಕೆ ಹೊರಡೋಣವೆಂದು ಮಾತಾಡಿಕೊಂಡು ಆರೂವರೆಗೆ ಹೆಬ್ಬಾಳದ ಮೇಲ್ಸೇತುವೆಯ ಬಳಿ ಒಬ್ಬರಿಗೊಬ್ಬರು ಫೋನು ಮಾಡುತ್ತಿದ್ದವನು ನಾನು. ಇಲ್ಲಿ ಮೊದಲ ಭಾನುವಾರ ಹತ್ತೂ ಐದಕ್ಕೆ ಹೋದಾಗ ಖಾಲಿ ಪಾರ್ಕಿಂಗ್ ಜಾಗದಲ್ಲಿ ಎರಡು ಎಣ್ಣೆಯ ಹನಿಗಳು ಮಾತ್ರ ನನಗಾಗಿ ಕಾದಿದ್ದವು.

ಹೊರಡುವ ಮುನ್ನ ಎಲ್ಲರೂ ಸುತ್ತುಗಟ್ಟಿ ನಿಲ್ಲುತ್ತಾರೆ. ಗುಂಪಿನ ಮುಂದಾಳುವಿಗೆ ರೋಡ್ ಕ್ಯಾಪ್ಟನ್ ಎಂದು ಹೆಸರು, ಕಟ್ಟಕಡೆಯಲ್ಲಿ ಬರುವವನು ಸ್ವೀಪ್. ಎಲ್ಲಿ ತಿರುವು, ಎಲ್ಲಿ ಪೆಟ್ರೋಲು, ಸಾಲು ತಪ್ಪಿದರೆ ಎಲ್ಲಿ ಕಾಯಬೇಕು ಎಂಬುದನ್ನು ಕ್ಯಾಪ್ಟನ್ ಐದು ನಿಮಿಷದಲ್ಲಿ ಹೇಳಿ ಮುಗಿಸುತ್ತಾನೆ. ಈ ಐದು ನಿಮಿಷದಲ್ಲಿ ಯಾರೂ ಫೋನು ನೋಡುವುದಿಲ್ಲ.

ಆಮೇಲೆ ಸಾಲು. ಗುಂಪಿನಲ್ಲಿ ಸಾಗುವಾಗ ಜೋಡಿಜೋಡಿಯಾಗಿ ಮಾತಾಡುತ್ತ ಹೋಗುವುದಿಲ್ಲ, ಒಬ್ಬರ ಹಿಂದೊಬ್ಬರು ನೇರವಾಗಿಯೂ ಹೋಗುವುದಿಲ್ಲ. ಒದ್ದೆ ಕಾಲಿನಲ್ಲಿ ಕಾವಿ ನೆಲದ ಮೇಲೆ ನಡೆದು ಹೋದರೆ ಎಡಹೆಜ್ಜೆ ಬಲಹೆಜ್ಜೆ ಹೇಗೆ ಮೂಡುತ್ತವೆಯೋ ಹಾಗೆ, ಕ್ಯಾಪ್ಟನ್ ಲೇನಿನ ಎಡ ಮೂರನೆಯ ಒಂದು ಭಾಗದಲ್ಲಿದ್ದರೆ ಎರಡನೆಯವನು ಬಲಭಾಗದಲ್ಲಿ ಒಂದು ಸೆಕೆಂಡು ಹಿಂದೆ, ಮೂರನೆಯವನು ಮತ್ತೆ ಎಡಭಾಗದಲ್ಲಿ, ಅಂದರೆ ತನ್ನ ನೇರ ಮುಂದಿನವನಿಂದ ಎರಡು ಸೆಕೆಂಡು ಹಿಂದೆ ಇರುತ್ತಾನೆ. ಇದಕ್ಕೆ ಸ್ಟ್ಯಾಗರ್ಡ್ ಸಾಲು ಎನ್ನುತ್ತಾರೆ. ದೂರವನ್ನು ಅಡಿಗಳಲ್ಲಿ ಹೇಳದೆ ಸೆಕೆಂಡಿನಲ್ಲಿ ಹೇಳುವುದರಲ್ಲೇ ಜಾಣತನವಿದೆ: ಗಂಟೆಗೆ 60 ಮೈಲಿ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 88 ಅಡಿ ಹೋಗುತ್ತದೆ, 30 ಮೈಲಿಯಲ್ಲಿ 44 ಅಡಿ, ಹೀಗಾಗಿ ವೇಗ ಬದಲಾದಂತೆ ಅಂತರವೂ ತಾನಾಗಿಯೇ ಹಿಗ್ಗಿ ಕುಗ್ಗುತ್ತದೆ. ಮುಂದಿನವನು ದಾಟಿದ ಒಂದು ಕಂಬವನ್ನು ನೋಡಿಕೊಂಡು, ನಾನು ಅದನ್ನು ಮುಟ್ಟುವವರೆಗೆ ಮನಸ್ಸಿನಲ್ಲೇ ಎಣಿಸಬೇಕು.

ಎರಡನೆಯ ಭಾನುವಾರ ನಾನು ಎಣಿಸಲಿಲ್ಲ. ಸರೋವರದ ಪಕ್ಕದ ರಸ್ತೆಯಲ್ಲಿ ಬಲಸಾಲಿನಲ್ಲಿ ಸಾಗುತ್ತಿದ್ದವನು ನೀರಿನ ಮೇಲಿದ್ದ ಬಿಳಿ ಹಾಯಿದೋಣಿಗಳನ್ನು ನೋಡುತ್ತ ಮೈಮರೆತೆ. ಕಣ್ಣು ಮರಳಿ ರಸ್ತೆಗೆ ಬಂದಾಗ ಮುಂದೆ ಎಲ್ಲ ಕೆಂಪು ದೀಪಗಳು. ಎರಡೂ ಬ್ರೇಕು ಒತ್ತಿದರೂ ನನ್ನ ಬೈಕು ನಿಲ್ಲಬೇಕಾದ ಜಾಗವನ್ನು ದಾಟಿ, ಎಡಸಾಲಿನ ಹಿರಿಯರೊಬ್ಬರ ಬದಿಗೇ ನುಗ್ಗಿ ನಿಂತಿತು. ಅವರ ಬೈಕಿನ ಪಕ್ಕದ ಪೆಟ್ಟಿಗೆ ನನ್ನ ಎಡ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ಅದರ ಮೇಲೆ ಒಣಗಿ ಅಂಟಿದ್ದ ಹುಳುಗಳ ರೆಕ್ಕೆಗಳು ಕೂಡ ಕಾಣುತ್ತಿದ್ದವು. ಅವರು ಹೊರಳಿ ನೋಡಲಿಲ್ಲ. ಕಾಫಿಗೆ ನಿಂತಾಗ ನಾನು ಕ್ಷಮೆ ಕೇಳಿದರೆ, "ಆ ಜಾಗ ಖಾಲಿ ಬಿಟ್ಟಿರುವುದೇ ಅದಕ್ಕೆ" ಎಂದು ಸಕ್ಕರೆ ಕದಡಿದರು. ಅಲ್ಲಿಯವರೆಗೆ ಸ್ಟ್ಯಾಗರ್ಡ್ ಸಾಲು ನೋಡಲು ಚೆಂದವೆಂದಷ್ಟೇ ತಿಳಿದಿದ್ದೆ. ಪ್ರತಿಯೊಬ್ಬನ ಪಕ್ಕದಲ್ಲೂ ಇರುವ ಆ ಖಾಲಿ ಜಾಗವು ಹಿಂದಿನವನ ತಪ್ಪಿಗಾಗಿ ಮೊದಲೇ ಕಾದಿರಿಸಿದ್ದು ಎಂಬುದು ಆಗ ಅರ್ಥವಾಯಿತು. ಜೋಡಿಯಾಗಿ ಹೋಗುವವರು ಒಬ್ಬರಿಗೊಬ್ಬರು ಈ ಜಾಗವನ್ನು ಕೊಡುವುದಿಲ್ಲ, ಗುಂಡಿ ಎದುರಾದರೆ ಸರಿದುಕೊಳ್ಳಲು ತಮಗೂ ಉಳಿಸಿಕೊಳ್ಳುವುದಿಲ್ಲ. ವಿಸ್ಕಾನ್ಸಿನ್ನಿನ ಕಾನೂನು ಒಂದೇ ಲೇನಿನಲ್ಲಿ ಎರಡು ಬೈಕುಗಳು ಪಕ್ಕಪಕ್ಕ ಹೋಗಬಹುದು ಎನ್ನುತ್ತದೆ, ಆದರೆ ಇಬ್ಬರೂ ಒಪ್ಪಿರಬೇಕೆಂಬ ಷರತ್ತು ಹಾಕುತ್ತದೆ. ಪಕ್ಕಕ್ಕೆ ಬರಲು ಅನುಮತಿ ಬೇಕು ಎಂಬ ಮಾತು ಕಾನೂನಿನ ಪುಸ್ತಕದಲ್ಲೇ ಇರುವುದು ನನಗೆ ಬಹಳ ಹಿಡಿಸಿತು.

ತಿರುವು ಮುರುವಿನ ರಸ್ತೆ ಬಂದರೆ ಕ್ಯಾಪ್ಟನ್ ಎಡಗೈಯನ್ನು ಮೇಲೆತ್ತಿ ತೋರುಬೆರಳೊಂದನ್ನೇ ತೋರಿಸುತ್ತಾನೆ. ಆಗ ಎಲ್ಲರೂ ಒಂಟಿಸಾಲಾಗಬೇಕು, ಏಕೆಂದರೆ ತಿರುವಿನಲ್ಲಿ ಪ್ರತಿಯೊಬ್ಬನಿಗೂ ಲೇನಿನ ಪೂರ್ತಿ ಅಗಲ ಬೇಕಾಗುತ್ತದೆ. ಎರಡು ಬೆರಳು ಕಂಡರೆ ಮತ್ತೆ ಮೊದಲಿನಂತೆ. ಮುಂದಿನವನು ತೋರಿಸಿದ್ದನ್ನು ನಾನು ತೋರಿಸಬೇಕು, ನಾನು ತೋರಿಸಿದ್ದನ್ನು ಹಿಂದಿನವನು. ಸುದ್ದಿ ಹೀಗೆ ಕೈಯಿಂದ ಕೈಗೆ ದಾಟಿ ಸ್ವೀಪ್‌ನವರೆಗೆ ಹೋಗುತ್ತದೆ. ರಸ್ತೆಯಲ್ಲಿ ಎಡಕ್ಕೆ ಕಲ್ಲೋ ಗುಂಡಿಯೋ ಇದ್ದರೆ ಎಡಗೈ, ಬಲಕ್ಕಿದ್ದರೆ ಬಲಗಾಲು ತೋರಿಸಬೇಕು, ಬಲಗೈ ಆಕ್ಸಿಲರೇಟರನ್ನು ಬಿಡುವ ಹಾಗಿಲ್ಲವಲ್ಲ. ಟ್ಯಾಂಕಿನ ಕಡೆ ಬೆರಳು ತೋರಿಸಿದರೆ ಪೆಟ್ರೋಲು ಮುಗಿಯುತ್ತಿದೆಯೆಂದು. ಮುಷ್ಟಿಯನ್ನು ಮೇಲೆ ಕೆಳಗೆ ಆಡಿಸಿದರೆ ಮೂತ್ರಕ್ಕೆ ನಿಲ್ಲಿಸಿ ಎಂದು. ನಮ್ಮ ಶಾಲೆಯ ಕಿರುಬೆರಳು ಇಲ್ಲಿ ನಡೆಯುವುದಿಲ್ಲ. ಹೆಬ್ಬೆರಳನ್ನು ಬಾಯಿಯ ಕಡೆಗೆ ತೋರಿಸುವ ಸನ್ನೆಯನ್ನು ಕ್ಯಾಪ್ಟನ್ ಮೊದಲ ಬಾರಿ ಮಾಡಿದಾಗ, ಬೆಳಗಿನ ಹನ್ನೊಂದಕ್ಕೇ ಇವರದ್ದು ಶುರುವಾಯಿತೇ ಎಂದು ಗಾಬರಿಯಾದೆ. ಅದು ತಿಂಡಿ ಪಾನೀಯಕ್ಕೆ ನಿಲ್ಲೋಣವೆನ್ನುವ ಸನ್ನೆಯಷ್ಟೇ. ನಿಜ ಹೇಳಬೇಕೆಂದರೆ ಬಿಯರಿಗೆ ಹೆಸರಾದ ಈ ಊರಿನಲ್ಲೂ, ಬೈಕು ಮನೆ ಸೇರುವವರೆಗೆ ನಮ್ಮ ಗುಂಪಿನಲ್ಲಿ ಯಾರೂ ಒಂದು ಗುಟುಕನ್ನೂ ಮುಟ್ಟುವುದಿಲ್ಲ.

ಯಾರು ಎಲ್ಲಿರಬೇಕೆಂಬ ವಿಷಯದಲ್ಲಿ ನಮ್ಮ ಕಡೆಯ ಅಭ್ಯಾಸ ತಲೆಕೆಳಗಾಗಿದೆ ಎಂದು ನನಗನ್ನಿಸುತ್ತದೆ. ನಾವು ಹೊಸಬನನ್ನು "ನೀನು ನಿಧಾನವಾಗಿ ಹಿಂದೆ ಬಾ" ಎಂದು ಕೊನೆಗೆ ಬಿಡುತ್ತೇವೆ. ಆದರೆ ಉದ್ದನೆಯ ಸಾಲು ರಬ್ಬರ್ ಬ್ಯಾಂಡಿನಂತೆ. ಮುಂದಾಳು ವೇಗವನ್ನು ತುಸುವೇ ಹೆಚ್ಚಿಸಿದರೂ ಅದು ಒಬ್ಬರಿಂದೊಬ್ಬರಿಗೆ ತಡವಾಗಿ ತಲುಪುತ್ತ, ಕೊನೆಯವನು ಅಂತರ ಮುಚ್ಚಲು ಎಲ್ಲರಿಗಿಂತ ಜೋರಾಗಿ ಓಡಿಸಬೇಕಾಗುತ್ತದೆ. ಆದ್ದರಿಂದ ಇಲ್ಲಿ ಹೊಸಬನಿಗೆ ಕ್ಯಾಪ್ಟನ್ನಿನ ಬೆನ್ನಿಗೇ ಜಾಗ. ಎಲ್ಲರಿಗಿಂತ ಪಳಗಿದವನು ಕಟ್ಟಕಡೆಗೆ ಬರುತ್ತಾನೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರುವುದೂ ಅವನ ಬಳಿಯೇ. ಯಾರದ್ದಾದರೂ ಬೈಕು ಕೆಟ್ಟರೆ ಅವನೊಬ್ಬನೇ ನಿಲ್ಲುತ್ತಾನೆ, ಉಳಿದವರು ಮುಂದಿನ ಸುರಕ್ಷಿತ ಜಾಗದವರೆಗೆ ಸಾಗುತ್ತಾರೆ. ಹನ್ನೊಂದು ಬೈಕುಗಳು ಹೆದ್ದಾರಿಯ ಅಂಚಿನಲ್ಲಿ ಗುಂಪುಗೂಡುವುದರಿಂದ ಕೆಟ್ಟ ಬೈಕು ರಿಪೇರಿಯಾಗುವುದಿಲ್ಲ. ಗುಂಪು ದೊಡ್ಡದಾದರೆ ಐದರಿಂದ ಏಳು ಜನರ ತುಂಡುಗಳಾಗಿ ಒಡೆದು ನಡುವೆ ಸಾಕಷ್ಟು ಅಂತರ ಬಿಡುತ್ತಾರೆ. ಹೆದ್ದಾರಿಯಿಂದ ಇಳಿಯಬೇಕಾದ ಕಾರು ಸಾಲನ್ನು ಸೀಳಿಕೊಂಡು ಹೋಗಲು ಬಂದರೆ ದಾರಿ ಬಿಟ್ಟುಕೊಡುತ್ತಾರೆ, ಕೆಂಪು ದೀಪ ಬಿದ್ದರೆ ಸಾಲು ಅಲ್ಲಿಗೇ ತುಂಡಾಗುತ್ತದೆ, ಮುಂದೆ ಹೋದವರು ಕಾಯುತ್ತಾರೆ. ಗುಂಪಿನವರೇ ಅಡ್ಡ ನಿಂತು ಚೌಕವನ್ನು ತಡೆಯುವವರು ಇಲ್ಲೂ ಇಲ್ಲವೆಂದಲ್ಲ, ಆದರೆ ನಮ್ಮ ಕ್ಯಾಪ್ಟನ್ ಅಂಥವರ ಜೊತೆ ಹೋಗುವುದಿಲ್ಲ. ಅದು ಪೊಲೀಸರ ಕೆಲಸ.

ಮೆರವಣಿಗೆಯ ದಿನ ಮಾತ್ರ ಈ ನಿಯಮಗಳಲ್ಲಿ ಕೆಲವು ಸಡಿಲುತ್ತವೆ. ಪೊಲೀಸರು ರಸ್ತೆಯನ್ನು ಮುಚ್ಚಿರುವುದರಿಂದಲೂ ವೇಗ ನಡಿಗೆಗಿಂತ ತುಸು ಹೆಚ್ಚಿರುವುದರಿಂದಲೂ ಅಲ್ಲಿ ಜೋಡಿಸಾಲು ಸಲ್ಲುತ್ತದೆ. ಆದರೆ ನಿಧಾನವೇ ಕಷ್ಟ. ಹಾಫ್ ಕ್ಲಚ್ಚಿನಲ್ಲಿ, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು, 350 ಕಿಲೋಗೂ ಮೀರಿದ ಬೈಕನ್ನು ಜುಲೈ ಬಿಸಿಲಿನಲ್ಲಿ ಬೀಳದಂತೆ ತೆವಳಿಸುವವರ ಎಡಗೈ ಅರ್ಧ ಗಂಟೆಯಲ್ಲಿ ಸೋತುಹೋಗುತ್ತದೆ. ಗಾಳಿಯಿಂದ ತಣ್ಣಗಾಗಬೇಕಾದ ಎಂಜಿನ್ನಿಗೆ ಗಾಳಿಯೇ ಸಿಗುವುದಿಲ್ಲ. ಮಿಲ್ವಾಕಿಯ ನಡುವೆ 2018ರಿಂದ ದಿ ಹಾಪ್ ಎಂಬ ಟ್ರಾಮ್ ಓಡುತ್ತದೆ, ಅದರ ಹಳಿಗಳನ್ನು ಓರೆಯಾಗಿ ದಾಟಿದರೆ ಚಕ್ರ ಜಾರುತ್ತದೆಂದು ಕ್ಯಾಪ್ಟನ್ ಮೂರು ಸಲ ಹೇಳಿದ್ದ. ಪಾದಚಾರಿ ಮಾರ್ಗದ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು ಕುಳಿತ ಜನ ಎಂಜಿನ್ನನ್ನು ಜೋರಾಗಿ ಗುಡುಗಿಸುವಂತೆ ಕೈ ತಿರುಗಿಸಿ ಕೇಳುತ್ತಿದ್ದರು. ಕೆಲವರು ಗುಡುಗಿಸಿದರು, ನಮ್ಮ ಗುಂಪಿನವರು ಮಾಡಲಿಲ್ಲ: ತಂದೆಯ ಹೆಗಲ ಮೇಲೆ ಕುಳಿತ ಎರಡು ವರ್ಷದ ಮಗುವಿನ ಕಿವಿಯೂ ಅಲ್ಲೇ ಇರುತ್ತದೆ. ಮಿಠಾಯಿ ಎಸೆಯಬಾರದೆಂಬುದು ನಮ್ಮ ಇನ್ನೊಂದು ಕಟ್ಟಳೆ, ಮಕ್ಕಳು ಅದರ ಹಿಂದೆ ಚಕ್ರಗಳ ನಡುವೆ ಓಡಿ ಬರುತ್ತಾರೆ.

ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಸಂಭ್ರಮದ ಮೆರವಣಿಗೆಯಲ್ಲ. ಗುಂಪಿನ ಹಿರಿಯರೊಬ್ಬರು ತೀರಿಕೊಂಡಾಗ ಅವರ ಮನೆಯವರ ಕೋರಿಕೆಯಂತೆ ನಾವು ಶವವಾಹನದೊಂದಿಗೆ ಸ್ಮಶಾನದವರೆಗೆ ಹೋದೆವು. ಕ್ಯಾಪ್ಟನ್ನಿನ ಪಕ್ಕದ ಜಾಗವನ್ನು ದಾರಿಯುದ್ದಕ್ಕೂ ಖಾಲಿ ಬಿಟ್ಟಿದ್ದೆವು. ಇದಕ್ಕೆ ಮಿಸ್ಸಿಂಗ್ ಮ್ಯಾನ್ ಎನ್ನುತ್ತಾರೆ, ಅಗಲಿದವನು ತನ್ನ ಜಾಗದಲ್ಲೇ ಇದ್ದಾನೆಂಬ ಹಾಗೆ ಉಳಿದವರು ಅಂತರವನ್ನು ಕಾಯುತ್ತಾರೆ. ಸ್ಮಶಾನದ ಗೇಟಿನೊಳಗೆ ಯಾರೂ ಎಂಜಿನ್ನಿನ ಸದ್ದನ್ನು ಏರಿಸಲಿಲ್ಲ. ನಿಲ್ಲಿಸಿದ ಮೇಲೆ ಬಿಸಿ ಲೋಹ ತಣಿಯುವ ಟಿಕ್ ಟಿಕ್ ಸದ್ದು ಮಾತ್ರ ಹತ್ತು ಕಡೆಯಿಂದ ಕೇಳಿಸುತ್ತಿತ್ತು. ಅವರೇ ನನಗೆ ಖಾಲಿ ಜಾಗದ ಅರ್ಥ ಹೇಳಿದ್ದವರು.

ಹಾಸನಕ್ಕೆ ಇದನ್ನೆಲ್ಲ ಸಾಗಿಸುವಾಗ ಕನ್ನಡಿಯಲ್ಲಿ ತೋರಿದಂತೆ ಎಡಬಲವನ್ನು ಅದಲುಬದಲು ಮಾಡಬೇಕಾಗುತ್ತದೆ. ನಮ್ಮಲ್ಲಿ ವಾಹನಗಳು ಎಡಕ್ಕೆ ಚಲಿಸುವುದರಿಂದ ಮುಂದಾಳು ಲೇನಿನ ಬಲಭಾಗದಲ್ಲಿ, ರಸ್ತೆಯ ನಡುಗೆರೆಯ ಕಡೆಗಿರಬೇಕು, ಆಗಲೇ ಅವನಿಗೆ ಮುಂದಿನದೂ ಎದುರಿನದೂ ಕಾಣುತ್ತದೆ. ಸನ್ನೆಗಳು ಎಡಗೈಯಲ್ಲೇ ಉಳಿಯುತ್ತವೆ, ಆಕ್ಸಿಲರೇಟರು ಎಲ್ಲ ದೇಶದಲ್ಲೂ ಬಲಕ್ಕೇ ಇದೆ. ಹಿಂದೆ ಕುಳಿತವನು ನಿಂತುಕೊಂಡು ಹಳದಿ ಕೆಂಪು ಬಾವುಟವನ್ನು ಬೀಸುವ ಬದಲು, ಬಾವುಟವನ್ನು ಗಟ್ಟಿಯಾದ ಕೋಲಿಗೆ ಕಟ್ಟಿ ಬೈಕಿನ ಹಿಂಬದಿಯ ಚೌಕಟ್ಟಿಗೆ ಬಿಗಿದರೆ ಅದು ತಾನೇ ಚೆನ್ನಾಗಿ ಹಾರುತ್ತದೆ, ಪಕ್ಕದವನ ಮುಖಕ್ಕೂ ಸುತ್ತಿಕೊಳ್ಳುವುದಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ದಿನ ಆಚರಿಸುವ ಬೆಂಗಳೂರು ಮೈಸೂರುಗಳ ಹಳೆಯ ಸವಾರರಲ್ಲಿ ಯಾರನ್ನಾದರೂ ಹಿಡಿದು ಸ್ವೀಪ್ ಆಗಲು ಕೇಳು ಎಂದು ಅವನಿಗೆ ಹೇಳಿದ್ದೇನೆ. 1996ರಲ್ಲಿ ಮುಚ್ಚಿಹೋದ ಮೈಸೂರಿನ ಕಾರ್ಖಾನೆಯ ಗಾಡಿಗಳನ್ನು ಇಂದಿಗೂ ರಸ್ತೆಯ ಮೇಲಿಟ್ಟವರಿಗೆ ಕೆಟ್ಟ ಬೈಕಿನ ಪಕ್ಕದಲ್ಲಿ ತಾಳ್ಮೆಯಿಂದ ಕೂರುವುದು ಗೊತ್ತಿರುತ್ತದೆ.

ಕನ್ನಡಿಯಲ್ಲಿ ತಿರುಗಿಸಲಾಗದ್ದು ಒಂದೇ ಒಂದಿದೆ. ಇಲ್ಲಿ ಎದುರಿನಿಂದ ಬರುವ ಬೈಕು ನಮ್ಮ ಎಡಕ್ಕೆ ದಾಟಿ ಹೋಗುವುದರಿಂದ, ಗುರುತಿರಲಿ ಇಲ್ಲದಿರಲಿ, ಸವಾರರು ಎಡಗೈಯನ್ನು ಕೆಳಗೆ ಇಳಿಬಿಟ್ಟು ಎರಡು ಬೆರಳು ಚಾಚಿ ನಮಸ್ಕಾರ ಹೇಳುತ್ತಾರೆ. ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಶ್ರೀರಂಗಪಟ್ಟಣದ ಹಳೆಯ ರಸ್ತೆಯಲ್ಲಿ ಭಾವನ ಬುಲೆಟ್ ಓಡಿಸುತ್ತಿದ್ದೆ. ಎದುರಿನಿಂದ ಇನ್ನೊಂದು ಬುಲೆಟ್ ಬಂತು, ನನ್ನ ಎಡಗೈ ತಾನಾಗಿಯೇ ಕೆಳಗಿಳಿದು ಕಬ್ಬಿನ ಗದ್ದೆಗೆ ನಮಸ್ಕಾರ ಹೇಳಿತು. ನನ್ನ ಬಲಕ್ಕೆ ದಾಟಿ ಹೋದ ಆ ಹಿರಿಯ ಸವಾರರಿಗೆ ಅದು ಕಂಡಿರಲಾರದು. ಅವರು ಹೆಲ್ಮೆಟ್ಟಿನ ತಲೆಯನ್ನು ಒಂದಿಷ್ಟು ತಗ್ಗಿಸಿ ಹೋದರು.