ಇಷ್ಟೇ ಉದ್ದದ ಏರಿ, ಅಷ್ಟು ದೊಡ್ಡ ಸೂಳೆಕೆರೆ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಬೈಕ್ ಹತ್ತಿದಾಗ ಗಂಟೆ ಎಂಟು ದಾಟಿತ್ತು. ಚನ್ನಗಿರಿ ಕಡೆಯ ದಾರಿ ನನಗೆ ಚಿಕ್ಕಂದಿನಿಂದ ಗೊತ್ತು, ದೊಡ್ಡಮ್ಮನ ಮನೆ ಆ ಕಡೆಯೇ. ಆದರೆ ಸೂಳೆಕೆರೆಯನ್ನು ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೊರತು ಒಂದು ಸಲವೂ ಇಳಿದು ನಿಂತಿರಲಿಲ್ಲ. ಈ ಸಲ ಇಡೀ ದಿನ ಅಲ್ಲೇ ಕಳೆಯಬೇಕು ಅಂತ ಹಟ ಮಾಡಿ ಹೊರಟೆ.

ಗದ್ದೆ, ಅಡಿಕೆ ತೋಟ, ಮತ್ತೆ ಗದ್ದೆ. ಎರಡು ಗುಡ್ಡಗಳು ಹತ್ತಿರ ಹತ್ತಿರ ಬರುತ್ತವೆ, ಇನ್ನೇನು ಒಂದಕ್ಕೊಂದು ತಾಗಿಬಿಡುತ್ತವೆ ಅನ್ನುವಾಗ ನಡುವೆ ಏರಿ ಸಿಗುತ್ತದೆ. ಏರಿ ಮೇಲೆ ಬೈಕ್ ನಿಲ್ಲಿಸಿ ನೋಡಿದರೆ ಬರೀ ನೀರು. ಬೆಳಗಿನ ಮಂಜಿನಲ್ಲಿ ಆಚೆ ದಡ ಕಾಣಲೇ ಇಲ್ಲ.

ಮೊದಲು ಮಾಡಿದ ಕೆಲಸ ಅಂದರೆ ಏರಿಯ ಈ ತುದಿಯಿಂದ ಆ ತುದಿಗೆ ನಡೆದದ್ದು. ನಾನೂರು ಹೆಜ್ಜೆಯೊಳಗೆ ಮುಗಿದುಹೋಯಿತು! ಏರಿಯ ಉದ್ದ ಸುಮಾರು 950 ಅಡಿ, ಅಷ್ಟೇ. ಹಿಂದೆ ನಿಂತಿರುವ ನೀರು ತುಂಬಿದಾಗ ಆರು ಸಾವಿರ ಎಕರೆಗೂ ಜಾಸ್ತಿ ಹರಡುತ್ತದೆ. ಕೆಆರ್‌ಎಸ್ ಕಟ್ಟೆ ಎರಡೂವರೆ ಕಿಲೋಮೀಟರ್‌ಗಿಂತ ಉದ್ದ ಇದೆ, ಅದನ್ನು ನೋಡಿದ ಕಣ್ಣಿಗೆ ಇದು ಊರ ಕೆರೆಯ ಏರಿಯ ಹಾಗೆ ಕಾಣುತ್ತದೆ. ಅದೂ ಕಾಂಕ್ರೀಟಿಲ್ಲದ ಕಾಲದ ಮಣ್ಣಿನ ಏರಿ, ನೀರಿನ ಕಡೆ ಕಲ್ಲು ಜೋಡಿಸಿದ್ದಾರೆ. ಅಲೆ ಬಂದು ಆ ಕಲ್ಲಿಗೆ ಬಡಿದು, ಸಂದುಗಳಲ್ಲಿ ಗುಳುಗುಳು ಅಂದು ವಾಪಸ್ ಹೋಗುತ್ತದೆ. ಒಂದು ಸಂದಿನಲ್ಲಿ ಎರಡು ಸಣ್ಣ ಏಡಿಗಳು, ಅಲೆ ಬಂದಾಗ ಒಳಗೆ, ಹೋದಾಗ ಹೊರಗೆ. ಅದನ್ನೇ ನೋಡುತ್ತಾ ಎಷ್ಟೋ ಹೊತ್ತು ಕೂತಿದ್ದೆ.

ನನ್ನನ್ನು ಜಾಸ್ತಿ ಕಾಡಿದ್ದು ಈ ಜಾಗವನ್ನು ಆರಿಸಿದವರ ಕಣ್ಣು. ಹರಿದ್ರಾ ಅನ್ನೋ ಹಳ್ಳ ಗುಡ್ಡಗಳ ಮಧ್ಯೆ ಕಿರಿದಾಗಿ ನುಗ್ಗುವ ಆ ಒಂದೇ ಒಂದು ಬಾಗಿಲನ್ನು ಹುಡುಕಿ ಮುಚ್ಚಿದ್ದಾರೆ, ಉಳಿದ ಗೋಡೆಯನ್ನೆಲ್ಲ ಗುಡ್ಡಗಳೇ ಕೊಟ್ಟಿವೆ. ಕೆರೆ ಎಷ್ಟು ಅಗಲ ಹರಡಿದೆ ಅನ್ನೋದರಿಂದ ಏರಿಗೆ ಭಾರ ಬೀಳಲ್ಲ, ಏರಿಯ ಬುಡದಲ್ಲಿ ನೀರು ಎಷ್ಟು ಆಳ ಇದೆ ಅನ್ನೋದೇ ಲೆಕ್ಕ. ಅದಕ್ಕೇ ಇಷ್ಟು ಸಣ್ಣ ಏರಿ ಅಷ್ಟು ನೀರನ್ನು ತಡೆದು ನಿಂತಿದೆ. ಶತಮಾನಗಳ ಹಿಂದೆ, ನಕ್ಷೆ ಇಲ್ಲ, ದುರ್ಬೀನು ಇಲ್ಲ, ಬರೀ ನಡೆದು, ಮಳೆಗಾಲದಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ನೋಡಿ ತಿಳಿದುಕೊಂಡ ಜನ ಅವರು. ನಿಜವಾಗಿ ಕೈ ಮುಗಿಯಬೇಕು ಅನಿಸಿತು.

ಪಕ್ಕದ ಸಿದ್ಧೇಶ್ವರನ ಗುಡಿಗೂ ಹೋಗಿ ಬಂದೆ. ಮಧ್ಯಾಹ್ನದ ಹೊತ್ತಿಗೆ ಕುಟುಂಬಗಳು ಬರತೊಡಗಿದವು. ಮಕ್ಕಳು ಕಲ್ಲೆಸೆಯೋದು, ಫೋಟೋ, ಮಂಡಕ್ಕಿ ಮೆಣಸಿನಕಾಯಿ. ದೋಣಿಯಲ್ಲಿ ಒಂದು ಸುತ್ತು ಹೋಗಬೇಕು ಅಂತ ಆಸೆ ಇತ್ತು, ಅವತ್ತು ದೋಣಿ ಇರಲಿಲ್ಲ. ಬೇಸರ ಆಗಿದ್ದು ಅದಕ್ಕಲ್ಲ, ಕಲ್ಲುಗಳ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ತಟ್ಟೆಗಳಿಗೆ. ಚಿತ್ರದುರ್ಗದ ಜನ ಇದೇ ನೀರು ಕುಡಿಯುತ್ತಾರೆ ಕಣ್ರಿ. ತಿಂದ ತಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯೋದು ಅಷ್ಟು ಕಷ್ಟವಾ?

ಊಟದ ಹೊತ್ತಿಗೆ ದೊಡ್ಡಮ್ಮ ಫೋನ್ ಮಾಡಿದರು. "ಎಲ್ಲಿದ್ದೀಯೋ?" ಅಂದರು. "ಶಾಂತಿಸಾಗರದ ಹತ್ರ ಇದೀನಿ ದೊಡ್ಡಮ್ಮ" ಅಂದೆ. "ಸೂಳೆಕೆರೆ ಅನ್ನೋಕೆ ಬಾಯಿ ಬರಲ್ವಾ ನಿಂಗೆ?" ಅಂತ ಗದರಿದರು. ಅವರು ಹೇಳಿದ್ದು ಸರಿ. ಕತೆ ಈ ಕಡೆ ಎಲ್ಲರಿಗೂ ಗೊತ್ತು. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಬೇಕಾದ ಜಾಗ ಸೂಳೆಯರದಾಗಿತ್ತಂತೆ. ಜಾಗ ಕೊಡ್ತೀವಿ, ಆದರೆ ಕೆರೆಗೆ ನಮ್ಮ ಹೆಸರೇ ಇರಬೇಕು ಅಂದರಂತೆ. ಶಾಂತವ್ವ ಒಪ್ಪಿದಳಂತೆ. ನಡೆದದ್ದೋ ಕತೆಯೋ, ಜನ ಇಷ್ಟು ಕಾಲ ಆ ಮಾತು ಉಳಿಸಿಕೊಂಡು ಬಂದಿದ್ದಾರೆ. ಬೋರ್ಡಿನ ಮೇಲೆ ಶಾಂತಿಸಾಗರ ಅಂತ ಇರಲಿ, ಶಾಂತವ್ವನ ನೆನಪಿಗೂ ಒಂದು ಹೆಸರು ಬೇಕು. ಆದರೆ ಮನೆಮಠ ಬಿಟ್ಟುಕೊಟ್ಟ ಹೆಂಗಸರು ಕೇಳಿದ್ದು ಒಂದೇ ಒಂದು, ಅದನ್ನೂ ನಾಚಿಕೆ ಅಂತ ಅಳಿಸೋದು ತಪ್ಪು ಅಲ್ವಾ? ಇನ್ನು ಮೇಲೆ ನಾನು ಸೂಳೆಕೆರೆ ಅಂತಲೇ ಅನ್ನುತ್ತೇನೆ.

ಸಂಜೆ ಏರಿಯ ಆಚೆ ಮಗ್ಗುಲಿಗೆ, ಅಂದರೆ ಗದ್ದೆಯ ಕಡೆಗೆ, ಇಳಿದೆ. ಇಲ್ಲಿಗೆ ಬಂದವರು ಯಾರೂ ಆ ಕಡೆ ನೋಡಲ್ಲ, ಎಲ್ಲರ ಮುಖವೂ ನೀರಿನ ಕಡೆಗೇ. ಆದರೆ ಕೆರೆ ಇರುವುದೇ ಈ ಕಡೆಗಾಗಿ. ಸಿದ್ಧನಾಲೆ, ಬಸವನಾಲೆ ಅಂತ ಎರಡು ತೂಬಿನ ನೀರು ಇಳಿದು ಹೋಗುತ್ತದೆ, ಅದರ ಹಿಂದೆಯೇ ಹಸಿರು. ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಅಜ್ಜ ಸಿಕ್ಕರು. ಅವರ ಅಪ್ಪ ಬೇರೆ ಊರಿನ ಸಣ್ಣ ಕೆರೆಯಲ್ಲಿ ನೀರುಗಂಟಿ ಆಗಿದ್ದರಂತೆ, ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು, ಮಳೆ ಬಂದ ರಾತ್ರಿ ಕಂಬಳಿ ಹೊದ್ದು ಏರಿ ಮೇಲೆ ತಿರುಗೋದು ಅವರ ಕೆಲಸ.

"ಮಣ್ಣಿನ ಏರಿಗೆ ಮೂರು ಶತ್ರು ತಮ್ಮಾ" ಅಂದರು ಅಜ್ಜ. "ಕೋಡಿ ಕಟ್ಟಿಕೊಂಡು ನೀರು ಏರಿ ಹತ್ತಿದ್ರೆ ಒಂದು, ಮರದ ಬೇರು ಒಂದು, ಹೆಗ್ಗಣ ಒಂದು." ಹಾಗೆ ಹೇಳುತ್ತಲೇ ಕೋಲಿನಿಂದ ಹುಲ್ಲು ಸರಿಸಿ ತೋರಿಸಿದರು. ಮುಷ್ಟಿ ಹೋಗುವಷ್ಟು ದೊಡ್ಡ ಬಿಲ, ಬಾಯಿಯ ಸುತ್ತ ಹಸಿ ಮಣ್ಣು, ರಾತ್ರಿಯಷ್ಟೇ ತೋಡಿದ್ದು. ನನಗೆ ದಿಗಿಲಾಯಿತು. ಅವರು ನಕ್ಕರು. "ಈ ಏರಿ ದಪ್ಪ ಐತಿ, ಇದಕ್ಕೆ ಏನೂ ಆಗಲ್ಲ. ಆದ್ರೂ ಕಣ್ಣಿಗೆ ಬಿದ್ದ ಮೇಲೆ ಸುಮ್ನೆ ಬಿಟ್ಟು ಹೋಗಬಾರದು."

ನಾನು ಕಲ್ಲು ಆರಿಸಿ ತಂದುಕೊಟ್ಟೆ. ಅವರು ಒಂದೊಂದನ್ನೇ ಒಳಗೆ ತಳ್ಳಿ, ಮೇಲೆ ಮಣ್ಣು ಎಳೆದು, ಹಿಮ್ಮಡಿಯಿಂದ ತುಳಿದು ತುಳಿದು ಗಟ್ಟಿ ಮಾಡಿದರು. ಅಷ್ಟು ಹೊತ್ತಿಗೆ ಎಮ್ಮೆಗಳು ಊರಿನ ದಾರಿ ಹಿಡಿದಿದ್ದವು. ಅಜ್ಜ ಕೋಲು ಎತ್ತಿಕೊಂಡು ಅವುಗಳ ಹಿಂದೆ ಓಡಿದರು.