ಕಚೇರಿ ಸ್ಥಳಾಂತರಕ್ಕೆ ಬೇಕಾದ ಇಂಗ್ಲಿಷ್

ಕಳೆದ ಮೇ ತಿಂಗಳಿನಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿದ್ದ ನಮ್ಮ ಕಚೇರಿಯನ್ನು ಸೇಡಂ ರಸ್ತೆಯ ಕಟ್ಟಡಕ್ಕೆ ಸ್ಥಳಾಂತರಿಸಿದಾಗ, ಅದರ ಪತ್ರವ್ಯವಹಾರವೆಲ್ಲ ನನ್ನ ಪಾಲಿಗೆ ಬಂದಿತು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಹಲವು ವರ್ಷಗಳಿಂದ ಇಮೇಲ್ ಬರೆಯುತ್ತಿರುವುದರಿಂದ ಕಚೇರಿಯ ಇಂಗ್ಲಿಷ್ ನನಗೆ ಕೈಗೂಡಿದೆ ಎಂದೇ ನಂಬಿದ್ದೆ. ಆದರೆ ಸ್ಥಳಾಂತರದ ಪತ್ರಗಳಲ್ಲಿ ಒಂದು ಚಿಕ್ಕ ಪದ ಜಾರಿದರೂ ಲಾರಿ ಬರುವ ದಿನವೇ ತಪ್ಪುತ್ತದೆ ಎಂಬುದನ್ನು ಆ ತಿಂಗಳು ಕಲಿತೆ.

ಸಾಗಣೆಯವರ ಹೈದರಾಬಾದ್ ಕಚೇರಿಗೆ ನಾನು ಹೀಗೆ ಬರೆದಿದ್ದೆ: 'ವಿ ವಿಲ್ ಪ್ಯಾಕ್ ಅಂಟಿಲ್ ಫ್ರೈಡೇ. ಸೆಂಡ್ ದಿ ಲಾರಿ ವೆನ್ ಪ್ಯಾಕಿಂಗ್ ಈಸ್ ಓವರ್.' ಶುಕ್ರವಾರ ಬೆಳಗಾಗುವುದರೊಳಗೆ ಎಲ್ಲವೂ ಕಟ್ಟಿ ಸಿದ್ಧವಾಗಿರುತ್ತದೆ ಎಂಬುದು ನನ್ನ ಮನಸ್ಸಿನಲ್ಲಿದ್ದ ಅರ್ಥ. ಶುಕ್ರವಾರ ಪೂರ್ತಿ ಕಟ್ಟುವ ಕೆಲಸ ನಡೆಯುತ್ತಿರುತ್ತದೆ ಎಂದು ಅವರು ಓದಿಕೊಂಡರು, ಮತ್ತು ಆ ವಾಕ್ಯಕ್ಕೆ ಅವರು ಮಾಡಿದ ಅರ್ಥವೇ ಸರಿ. ಹಮಾಲರನ್ನು ಕರೆಸಿಯಾಗಿತ್ತು; ಮೇ ತಿಂಗಳ ನಮ್ಮ ಊರಿನ ಬಿಸಿಲಿನಲ್ಲಿ ಅವರು ಮೆಟ್ಟಿಲ ನೆರಳಿನಲ್ಲಿ ಸಂಜೆಯವರೆಗೆ ಕುಳಿತು ಹಿಂದಿರುಗಿದರು. ಲಾರಿ ಬಂದದ್ದು ಶನಿವಾರ. ಎರಡು ದಿನದ ಕೂಲಿಗಿಂತ ಅವರನ್ನು ಸುಮ್ಮನೆ ಕಾಯಿಸಿದ್ದು ನನ್ನನ್ನು ಹೆಚ್ಚು ನೋಯಿಸಿತು.

ತಪ್ಪು ಎಲ್ಲಿಂದ ಬಂದಿತೆಂದು ಯೋಚಿಸಿದಾಗ ಒಂದು ಸಂಗತಿ ಹೊಳೆಯಿತು. ನಮ್ಮ ಪೇಟೆಯಲ್ಲಿ ದಿನವಿಡೀ ಕಿವಿಗೆ ಬೀಳುವ ಉರ್ದು, ಹಿಂದಿಗಳಲ್ಲಿ 'ತಕ್' ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ: 'ಜುಮಾ ತಕ್ ಹೋ ಜಾಯೇಗಾ' ಎಂದರೆ ಶುಕ್ರವಾರದೊಳಗೆ ಆಗುತ್ತದೆ, 'ಜುಮಾ ತಕ್ ರಹೇಗಾ' ಎಂದರೆ ಶುಕ್ರವಾರದವರೆಗೆ ಇರುತ್ತದೆ. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ: ಗಡುವಿಗೆ 'ಬೈ', ಅಲ್ಲಿಯತನಕ ಮುಂದುವರಿಯುವುದಕ್ಕೆ 'ಅಂಟಿಲ್'. ಕನ್ನಡವೂ 'ಒಳಗೆ', 'ವರೆಗೆ' ಎಂದು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಆದ್ದರಿಂದ ಈಗ ನಾನು ಗಡುವಿನ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. 'ಒಳಗೆ' ಬಂದರೆ 'ಬೈ' ಬರೆಯುತ್ತೇನೆ, 'ವರೆಗೆ' ಬಂದರೆ 'ಅಂಟಿಲ್'. ಹಳೆಯ ಇಂಟರ್ನೆಟ್ ಸಂಪರ್ಕ ಇರಬೇಕಾದದ್ದು 'ಅಂಟಿಲ್ ಸಂಡೇ', ಹೊಸದು ಬರಬೇಕಾದದ್ದು 'ಬೈ ಸಂಡೇ'. ಈ ಎರಡನ್ನು ಅದಲುಬದಲು ಮಾಡಿದರೆ ಸೋಮವಾರ ಕಚೇರಿ ತೆರೆಯುತ್ತದೆ, ಆದರೆ ಕೆಲಸ ಆರಂಭವಾಗುವುದಿಲ್ಲ.

ಇನ್ನೊಂದು ದೋಷ ನಮ್ಮ ಸರ್ಕಾರಿ ಶೈಲಿಯಿಂದಲೇ ಬಂದದ್ದು. 'ಸ್ಥಳಾಂತರಿಸಲಾಗುವುದು' ಎಂದು ಬರೆದು ರೂಢಿಯಾದ ಕೈ 'ದಿ ಸರ್ವರ್ ವಿಲ್ ಬಿ ಶಿಫ್ಟೆಡ್' ಎಂದು ಸಲೀಸಾಗಿ ಬರೆಯುತ್ತದೆ. ಯಾರು ಸಾಗಿಸುತ್ತಾರೆ? ಆ ವಾಕ್ಯದಲ್ಲಿ ಉತ್ತರವಿಲ್ಲ. ನಮ್ಮ ಸಭೆಯ ಟಿಪ್ಪಣಿಯಲ್ಲಿ ಇಂತಹ ವಾಕ್ಯಗಳು ಒಂಬತ್ತು ಇದ್ದವು. ಅವುಗಳಿಗೆಲ್ಲ ಒಬ್ಬೊಬ್ಬರ ಹೆಸರು ಮತ್ತು ದಿನ ಸೇರಿಸಿ ತಿದ್ದಿದ ಬಳಿಕವೇ, ಸರ್ವರ್ ತಮ್ಮ ಹೊಣೆಯೆಂದು ಯಾರೂ ತಿಳಿದಿರಲಿಲ್ಲ ಎಂಬುದು ಬೆಳಕಿಗೆ ಬಂದಿತು. ನಿಗದಿಯಾದ ದಿನಕ್ಕಿಂತ ಮೊದಲೇ ನಡೆಸುವುದು ಎಂಬ ಅರ್ಥದ 'ಪ್ರಿಪೋನ್' ಪದದ ವಿಷಯದಲ್ಲಿಯೂ ಎಚ್ಚರ ಬೇಕು: ನಮ್ಮ ದೇಶದಲ್ಲಿ ಅದು ಎಲ್ಲರಿಗೂ ತಿಳಿಯುತ್ತದೆ, ಹೊರದೇಶದ ಗ್ರಾಹಕರಿಗೆ ಬರೆಯುವಾಗ 'ಬ್ರಿಂಗ್ ಫಾರ್ವರ್ಡ್' ಎನ್ನುವುದು ಲೇಸು.

ವಿಳಾಸ ಬದಲಾವಣೆಯ ಪತ್ರಕ್ಕೆ, ಇಂಥ ದಿನದಿಂದ ಜಾರಿಗೆ ಎಂಬ ಅರ್ಥದ 'ವಿತ್ ಎಫೆಕ್ಟ್ ಫ್ರಮ್' ಪದಗುಚ್ಛ ಸಾಕು, ಅದರ ಮುಂದೆ ದಿನಾಂಕ ಇರಲಿ. ಜಿಎಸ್‌ಟಿ ನೋಂದಣಿಯಲ್ಲಿರುವ ವ್ಯವಹಾರದ ಮುಖ್ಯ ಸ್ಥಳ ಬದಲಾದರೆ 15 ದಿನಗಳೊಳಗೆ ತಿದ್ದುಪಡಿಗೆ ಅರ್ಜಿ ಹಾಕಬೇಕಾದ ಕಾರಣ, ಆ ದಿನಾಂಕ ಎಲ್ಲ ಪತ್ರಗಳಲ್ಲಿಯೂ ಒಂದೇ ಆಗಿರಬೇಕು. ಊರಿನ ಹೆಸರೂ ಹಾಗೆಯೇ. 2014ರ ನವೆಂಬರ್ 1ರಿಂದ ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಗಿದ್ದರೂ ಹಳೆಯ ಕಡತಗಳಲ್ಲಿ ಹಿಂದಿನ ಹೆಸರೇ ಉಳಿದಿದೆ. ಗುರುತಿನ ಸ್ಥಳವನ್ನು ಬರೆಯುವಾಗ 'ಬಿಸೈಡ್ ದಿ ಬ್ಯಾಂಕ್' ಎಂದರೆ ಬ್ಯಾಂಕಿನ ಪಕ್ಕದಲ್ಲಿ, 'ಬಿಸೈಡ್ಸ್ ದಿ ಬ್ಯಾಂಕ್' ಎಂದರೆ ಬ್ಯಾಂಕ್ ಅಲ್ಲದೆ. ನಮ್ಮ ಫಲಕದ ಮೊದಲ ಕರಡಿನಲ್ಲಿ ಎರಡನೆಯದೇ ಇತ್ತು. ಅಚ್ಚಿಗೆ ಹೋಗುವ ಮೊದಲೇ ತಿದ್ದಿದೆವು.

ಪೆಟ್ಟಿಗೆಗಳ ಚೀಟಿಯ ಬಗ್ಗೆ ನನಗೆ ವಿಶೇಷ ಅಕ್ಕರೆ. ಮೊದಲ ದಿನ ಸಹೋದ್ಯೋಗಿಗಳು 'ಮಿಸಲೇನಿಯಸ್', ಅಂದರೆ ಇತರೆ ಸಾಮಾನು, ಎಂದು ಬರೆದು ಅಂಟಿಸುತ್ತಿದ್ದರು. ಆ ಪದವಿರುವ ಪೆಟ್ಟಿಗೆಯನ್ನು ಯಾವ ಕೋಣೆಯವರೂ ತಮ್ಮದೆನ್ನುವುದಿಲ್ಲ. ಅದನ್ನು ನಿಲ್ಲಿಸಿ, 'ಅಕೌಂಟ್ಸ್, ರೂಮ್ 2, ಬಾಕ್ಸ್ 7 ಆಫ್ 23' ಎಂಬ ಮಾದರಿಯನ್ನು ಎಲ್ಲರಿಗೂ ಕೊಟ್ಟೆ. ಒಡೆಯುವ ವಸ್ತುಗಳಿಗೆ 'ಫ್ರ್ಯಾಜೈಲ್' ಎಂಬ ಚೀಟಿಯ ಜೊತೆಗೆ ಗಾಜಿನ ಲೋಟದ ಚಿತ್ರವನ್ನೂ, ಕನ್ನಡದಲ್ಲಿ 'ಮೆಲ್ಲಗೆ ಇಡ್ರಿ' ಎಂದೂ ಬರೆಸಿದೆ. ಹೊರುವವರು ಓದಲಾಗದ ಚೀಟಿಯಿಂದ ಯಾವ ಪ್ರಯೋಜನವೂ ಇಲ್ಲ.

ಆ 'ಆಫ್ 23' ಎಂಬ ಭಾಗದ ಬೆಲೆ ಭಾನುವಾರ ಬೆಳಿಗ್ಗೆ ತಿಳಿಯಿತು. ರೂಮ್ 2ರ ಗೋಡೆಗೆ ಒಟ್ಟಿದ್ದ ಪೆಟ್ಟಿಗೆಗಳನ್ನು ಎಣಿಸಿದಾಗ 22 ಇದ್ದವು, 19ನೆಯದು ಕಾಣಲಿಲ್ಲ. ಹಳೆಯ ಕಟ್ಟಡದ ಕಾವಲುಗಾರರಿಗೆ ಫೋನ್ ಮಾಡಿ, 'ಅಣ್ಣಾ, ಮೆಟ್ಟಿಲ ಕೆಳಗ ಒಮ್ಮೆ ನೋಡ್ರಿ' ಎಂದೆ. ಮೂರು ವರ್ಷದ ವೋಚರ್‌ಗಳಿದ್ದ ಆ ಪೆಟ್ಟಿಗೆ, ಶುಕ್ರವಾರ ಹಮಾಲರು ಕುಳಿತಿದ್ದ ನೆರಳಿನಲ್ಲಿಯೇ ಇತ್ತು.