ಮೂರು ಸಾವಿರದಾಗ ಉಳದದ್ದೆಷ್ಟು

2024ರ ಆಗಸ್ಟ್ ಅಂದ್ರೆ ಪುಣೆಲಿ ಬ್ಯಾಂಕ್ ಕೌಂಟರಲ್ಲಿ ಕೂತಿದ್ದ ಯಾರಿಗಾದ್ರೂ ಈಗ್ಲೂ ತಲೆ ಬಿಸಿಯಾಗುತ್ತೆ. ಮಹಾರಾಷ್ಟ್ರ ಸರ್ಕಾರ ಹೆಂಗಸರಿಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡೋ ಲಾಡ್ಕಿ ಬಹೀಣ್ ಯೋಜನೆದು ಜುಲೈ, ಆಗಸ್ಟ್ ಎರಡೂ ಕಂತು ಸೇರಿ 3000 ರೂಪಾಯಿ ರಾಖಿ ಹಬ್ಬಕ್ಕೆ ಮುಂಚೆನೇ ಡಿಬಿಟಿಲಿ, ಅಂದ್ರೆ ನೇರ ಅಕೌಂಟಿಗೇ, ಬಿತ್ತು, 17ಕ್ಕೆ ಬಾಲೇವಾಡಿಲಿ ದೊಡ್ಡ ಸಮಾರಂಭ ಬೇರೆ, ನಮ್ಮ ಶಟರ್ ಎತ್ತೋದ್ರೊಳಗೆ ರೋಡ್ ತನಕ ಲೈನು. ಪಾಸ್‌ಬುಕ್ ಮಷೀನ್ ಬೆಳಿಗ್ಗೆನೇ ಕೈ ಕೊಟ್ಟಿತ್ತು (ಜನ ಜಾಸ್ತಿ ಇದ್ದ ದಿನಾನೇ ಅದು ಕೆಡೋದು), ಬ್ಯಾಂಕಿನ ಕಂಪ್ಯೂಟರ್ ಸಿಸ್ಟಮ್ ಸ್ಲೋ, ಸಿಂಗಲ್ ವಿಂಡೋಲಿ ನಾನೊಬ್ಬನೇ.

ವಿಜಯಪುರ ಕಡೆಯ ಗಂಡ ಹೆಂಡತಿ ಬಂದ್ರು, ಬಿಲ್ಡಿಂಗ್ ಕೆಲಸದವರು. ನಾನು ಫೋನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಆಯಮ್ಮ ನನ್ನ ಕೌಂಟರಿಗೇ ಬಂದಿದ್ದು.

"ಸಾಹೇಬ್ರ, ಮೂರು ಸಾವಿರ ಬಂದೈತಂತ ಮೆಸೇಜ್ ಐತಿ, ಎಟಿಎಂನ್ಯಾಗ ನೋಡಿದ್ರ ಸಾವಿರದ ಮ್ಯಾಲ ಚಿಲ್ಲರ ಅಷ್ಟ ಐತ್ರಿ."

ಬ್ಯಾಲೆನ್ಸ್ ಸ್ಕ್ರೀನ್ ನೋಡಿದೆ, ಹೌದು ಅಷ್ಟೇ ಇತ್ತು. ಸ್ಟೇಟ್‌ಮೆಂಟ್ ತೆಗೆದ್ರೆ ಆ ದಿನ ಸಿಸ್ಟಮ್ ಅರ್ಧ ಗಂಟೆ ಸುತ್ತೋದು, ಹಿಂದೆ ಲೈನಲ್ಲಿ "ಲವ್ಕರ್ ಕರಾ" (ಬೇಗ ಮಾಡಿ) ಅಂತ ಮರಾಠಿಲಿ ಕೂಗು. "ಮನ್ಯಾಗ ಯಾರರ ಕಾರ್ಡ್ ಹಾಕಿ ತಗದಿರಬೇಕಕ್ಕಾ, ಕೇಳ್ರಿ" ಅಂದೆ.

ಆಯಮ್ಮ ಗಂಡನ ಕಡೆ ತಿರುಗಿದ್ಲು. "ಮತ್ತ ಕುಡದೇನ?"

ಅಷ್ಟೇ ಸಾಕಾಯ್ತು. ಅವನು "ನಿನ್ನಾಣೆ ಮುಟ್ಟಿಲ್ಲ" ಅಂತಾನೆ, ಅವಳು ಎಲ್ಲರೆದುರಿಗೇ ಹಳೇ ಲೆಕ್ಕ ತೆಗೀತಾಳೆ, ಭಾಷೆ ಗೊತ್ತಿಲ್ಲದಿದ್ರೂ ಲೈನಲ್ಲಿದ್ದವರಿಗೆಲ್ಲ ವಿಷಯ ಗೊತ್ತಾಯ್ತು. ಅವನು ಜಗಳ ಬಿಟ್ಟು ನನ್ನ ಕಡೆ ನೋಡಿ "ನೀವ ನೋಡ್ರಿ ಸಾಹೇಬ್ರ, ನನಗ ಎಟಿಎಂ ನಂಬರ ಸುದ್ದಾ ಗೊತ್ತಿಲ್ಲ" ಅಂದ. ಆಗ ಸ್ಟೇಟ್‌ಮೆಂಟ್ ಹಾಕ್ದೆ. ಅದು ತಿರುಗ್ತಾನೇ ಇದೆ, ಇಬ್ರೂ ನನ್ನ ಮುಖಾನೇ ನೋಡ್ತಿದಾರೆ. ಬಂತು: 3000 ಕ್ರೆಡಿಟ್, ಅದರ ಕೆಳಗೆ ಸಾಲಾಗಿ ಮಿನಿಮಮ್ ಬ್ಯಾಲೆನ್ಸ್ ಚಾರ್ಜು, ಪ್ರತಿಯೊಂದಕ್ಕೂ ಜಿಎಸ್‌ಟಿ. ಹಿಂದಿನ ತಿಂಗಳುಗಳದ್ದೆಲ್ಲ ಬಾಕಿ ಅಂತ ಕೂತಿತ್ತು, ದುಡ್ಡು ಬಿದ್ದ ರಾತ್ರಿನೇ ಎಳ್ಕೊಂಡಿದೆ. ಚಾರ್ಜಿಂದ ಸೇವಿಂಗ್ಸ್ ಅಕೌಂಟ್ ಮೈನಸ್ಸಿಗೆ ಹೋಗಬಾರದು ಅಂತ 2014ರಲ್ಲೇ ಆರ್‌ಬಿಐ ಹೇಳಿದೆ, ನಮ್ಮಲ್ಲಿ ಮೈನಸ್ ಮಾಡಲ್ಲ, ದುಡ್ಡು ಬೀಳೋ ತನಕ ಕಾಯ್ತಾರೆ.

ಕುಡಿದಿದ್ದು ಗಂಡ ಅಲ್ಲ, ನಮ್ಮ ಬ್ಯಾಂಕು. ಅದನ್ನ ಅವರಿಗೆ ಹೇಳೋಕೆ ನನಗೆ ಬಾಯೇ ಬರಲಿಲ್ಲ, ಗಂಡನೇ ಓದಿ "ಇದೇನ್ರಿ ಇದು ದಂಡ?" ಅಂತ ಕೇಳಿದ.

ಯೋಜನೆಗೆ ವರ್ಷಕ್ಕೆ 46,000 ಕೋಟಿ ಅಂತ ರಾಜ್ಯ ಸರ್ಕಾರದ ಅಂದಾಜಿತ್ತು, 2025-26ರ ಬಜೆಟ್ಟಲ್ಲಿ 36,000 ಕೋಟಿ ಇಟ್ರು. ಟೀವಿಲಿ ಜಗಳ ಎಲ್ಲ ಖಜಾನೆ ತಡ್ಕೊಳತ್ತಾ ಇಲ್ವಾ ಅಂತ. ಖಜಾನೆಯಿಂದ ಹೊರಟಿದ್ದು ಕೈಗೆ ಸೇರೋದ್ರೊಳಗೆ ನಮ್ಮಂಥ ಬ್ಯಾಂಕಿನವರ ಚಾರ್ಜುಗಳಿಗೆ ಎಷ್ಟು ಹೋಯ್ತು ಅಂತ ಯಾರೂ ಕೇಳಲ್ಲ. ಈ ದುಡ್ಡಿಂದ ಕಟ್ ಮಾಡ್ಬೇಡಿ ಅಂತ ಸರ್ಕಾರ ಆಮೇಲೆ ಬ್ಯಾಂಕುಗಳಿಗೆ ಹೇಳ್ತು, ಅಷ್ಟೊತ್ತಿಗೆ ಕಟ್ ಆಗಿತ್ತಲ್ಲ.

ಕಟ್ ಆದ ದುಡ್ಡು ವಾಪಸ್ ಹಾಕಿ ಅಂತ ರೀಜನಲ್ ಆಫೀಸಿಗೆ ಮೇಲ್ ಹಾಕಿದ್ವಿ. ಉತ್ತರ: ಗ್ರಾಹಕರಿಗೆ ಬ್ಯಾಲೆನ್ಸ್ ಇಟ್ಕೊಳ್ಳೋಕೆ ತಿಳಿಹೇಳಿ. ನಾನು ಮಾಡೋಕಾಗಿದ್ದು ಆ ಅಕೌಂಟನ್ನ ಬಿಎಸ್‌ಬಿಡಿಗೆ (ಬೇಸಿಕ್ ಸೇವಿಂಗ್ಸ್ ಅಕೌಂಟ್) ಬದಲಾಯಿಸಿದ್ದು, ಜನಧನ್ ಥರ, ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ. ಡಿಬಿಟಿ ಬರೋ ಯಾರ ಅಕೌಂಟಿದ್ರೂ ಮೊದಲು ಅದನ್ನ ಕೇಳಿ, ಕೌಂಟರಲ್ಲಿ ಯಾರೂ ತಾವಾಗೇ ಹೇಳಲ್ಲ.

ಈಗ ಯಾರು ದುಡ್ಡಿಲ್ಲ ಅಂತ ಬಂದ್ರೂ ನಾನು ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿ ಕೈಗೆ ಕೊಟ್ಟೇ ಮಾತಾಡೋದು. ಪೇಪರ್ ಖರ್ಚು ಜಾಸ್ತಿ ಆಗ್ತಿದೆ ಅಂತ ಮ್ಯಾನೇಜರ್ ಬೈತಾ ಇರ್ತಾರೆ.